ಜಾರಿದ ಪ್ಲೇಟೇ ಸುಡೋದು: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಾಳಿಕೆಯ ಲೆಕ್ಕ
(ದಾವಣಗೆರೆಯಲ್ಲಿ ವಾಹನ ಮೆಕ್ಯಾನಿಕ್‌ಗಳ ಮುಂದೆ ನೀಡಿದ ಉಪನ್ಯಾಸ)

ಗೆಳೆಯರೇ, ಸುಟ್ಟ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿದರೆ ಮೊದಲು ಮೂಗಿಗೆ ಗೊತ್ತಾಗುತ್ತೆ. ಕೆಂಪಗಿರಬೇಕಾದ ಎಣ್ಣೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತೆ, ಕ್ಲಚ್ ಪ್ಲೇಟಿನ ಪದರ ಉಗುರಲ್ಲಿ ಕೆರೆದರೆ ಎದ್ದು ಬರುತ್ತೆ. ಕೂಡಲೇ ಗಿರಾಕಿ ಕೇಳೋದು, "ಇದಕ್ಕಿಂತ ಗಟ್ಟಿ ಪ್ಲೇಟ್ ಸಿಗಲ್ವಾ?" ಸಿಗುತ್ತೆ. ಆದರೆ ಪ್ಲೇಟ್ ಮೆತ್ತಗಿದ್ದು ಸುಟ್ಟಿದ್ದಲ್ಲ. ಅದನ್ನ ಒತ್ತಿ ಹಿಡಿಯೋ ಎಣ್ಣೆ ಪ್ರೆಷರ್ ಎಲ್ಲೋ ಸೋರಿತು, ಪ್ಲೇಟ್ ಜಾರಿತು, ಜಾರಿ ಕಾಯಿತು, ಆ ಕಾವಿಗೆ ಸೀಲು ಗಡುಸಾಯಿತು, ಗಡುಸಾದ ಸೀಲು ಇನ್ನಷ್ಟು ಸೋರಿತು. ಸೋರೋ ಜಾಗ ಹಾಗೇ ಬಿಟ್ಟು ದುಬಾರಿ ಪ್ಲೇಟ್ ಹಾಕಿದರೆ ಅದೂ ಸುಡುತ್ತೆ, ಸ್ವಲ್ಪ ತಡವಾಗಿ.

ಪಾಠಕ್ಕೆ ಜನರಲ್ ಮೋಟಾರ್ಸ್‌ನ 4ಎಲ್60ಇ ಗೇರ್‌ಬಾಕ್ಸ್ ಇಟ್ಟುಕೊಳ್ಳೋಣ. ಇದು ಪಿ.ಬಿ. ರಸ್ತೆಯ ಗ್ಯಾರೇಜಿಗೆ ಬರೋ ಪೆಟ್ಟಿಗೆ ಅಲ್ಲ, ಅಮೆರಿಕದ ಪಿಕಪ್‌ಗಳದ್ದು. 1982ರ 700ಆರ್4 ವಂಶ, 1993ರಿಂದ ಎಲೆಕ್ಟ್ರಾನಿಕ್ ಕಂಟ್ರೋಲ್, ನಾಲ್ಕು ಗೇರು. ಅಲ್ಲಿ ಮನೆ ಶೆಡ್ಡಿನಲ್ಲೇ ಇದನ್ನ ಬಿಚ್ಚಿ ಕಟ್ಟೋರು ಬಹಳ, ಹಾಗಾಗಿ ಎಲ್ಲಿ ಕೈಕೊಡುತ್ತೆ ಅನ್ನೋದರಲ್ಲಿ ಗುಟ್ಟೇನೂ ಉಳಿದಿಲ್ಲ.

ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಹೋಗಿ, ಒಂದು ಮತ್ತು ಮೂರು ಮಾತ್ರ ಉಳಿದರೆ ಸನ್ ಶೆಲ್ (ನಡುವಿನ ಸನ್ ಗೇರಿಗೆ ಸಿಕ್ಕಿಕೊಂಡಿರೋ ಡ್ರಮ್ಮಿನಂಥ ಪಾರ್ಟ್) ಮುರಿದಿದೆ ಅಂತ ಬಿಚ್ಚೋ ಮೊದಲೇ ಹೇಳಬಹುದು. ಇಲ್ಲಿ ಮಾತ್ರ ನಿಜಕ್ಕೂ ಗಟ್ಟಿ ಪಾರ್ಟೇ ಮದ್ದು: ಹದಗೊಳಿಸಿದ ದಪ್ಪ ಶೆಲ್. ಮಿಕ್ಕಿದ್ದೆಲ್ಲ ಸೋರಿಕೆ ಕತೆ. ಗೇರ್ ಹಿಡಿಯೋ ಹೊಡೆತ ಮೆತ್ತಗೆ ಮಾಡೋ ಎರಡನೇ ಗೇರಿನ ಅಕ್ಯುಮುಲೇಟರ್ ಪಿಸ್ಟನ್ ಪ್ಲಾಸ್ಟಿಕ್ಕು, ಸೀಳು ಬಿಡುತ್ತೆ, ಅಲ್ಯೂಮಿನಿಯಂದು ಹಾಕಿ. ಇನ್‌ಪುಟ್ ಡ್ರಮ್‌ನಲ್ಲಿರೋ ಚೆಕ್‌ಬಾಲ್ ಕ್ಯಾಪ್ಸೂಲ್ (ಎಣ್ಣೆ ದಾರಿ ಮುಚ್ಚೋ ಪುಟ್ಟ ಗುಂಡಿನ ಗೂಡು) ಸೋರಿದರೆ ಮೂರು-ನಾಲ್ಕರ ಕ್ಲಚ್ ಎಷ್ಟು ಸಲ ಕಟ್ಟಿದರೂ ನಿಲ್ಲಲ್ಲ. ಹೊಸದು ಬಡಿದು ಕೂರಿಸಬೇಕು. ಎಣ್ಣೆಯನ್ನ ಬೇಕಾದ ಕ್ಲಚ್ಚಿಗೆ ಹಂಚೋ ವಾಲ್ವ್ ಬಾಡಿಯಲ್ಲಿ, ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನ ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋದು) ಲಾಕ್ ಮಾಡೋ ಲಾಕಪ್ ರೆಗ್ಯುಲೇಟರ್ ವಾಲ್ವ್ ಓಡಾಡೋ ತೂತು ಸವೆದರೆ ಪಿ1870 ಕೋಡ್, ಅಂದರೆ ಗೇರ್‌ಬಾಕ್ಸ್ ಜಾರ್ತಿದೆ ಅನ್ನೋ ದೋಷದ ಕೋಡ್, ಬರುತ್ತೆ. ವಾಲ್ವ್ ಸ್ಟೀಲು, ತೂತು ಅಲ್ಯೂಮಿನಿಯಂ, ಸವೆಯೋದು ತೂತೇ. ಅಲ್ಲಿಗೆ ಬರೀ ಹೊಸ ವಾಲ್ವ್ ತಳ್ಳಿದರೆ ದುಡ್ಡು ದಂಡ; ತೂತು ಕೊರೆದು ದೊಡ್ಡದು ಮಾಡಿ (ರೀಮ್ ಮಾಡಿ) ದಪ್ಪ ವಾಲ್ವ್ ಅಥವಾ ಸ್ಲೀವ್ ಹಾಕಬೇಕು.

ಪ್ರೆಷರ್ ಏರಿಸೋಕೆ ದೊಡ್ಡ ಬೂಸ್ಟ್ ವಾಲ್ವ್ ಹಾಕ್ತಾರೆ. ತಪ್ಪಲ್ಲ. ಆದರೆ 300 ಪಿಎಸ್‌ಐ ಗೇಜು ಸಿಕ್ಕಿಸಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಬರೆದಿಡಿ. ಅಳೆಯದೆ ಏರಿಸಿದರೆ ಗೇರು ಗುದ್ದುತ್ತೆ, ಪಂಪಿನ ರಿಂಗ್ ಮುರಿಯುತ್ತೆ.

ಈಗ ಕೈ ಹಾಕೋ ಕೆಲಸ. ಇದು ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು, ಕಾಟನ್ ವೇಸ್ಟ್‌ಗೆ ಬರವಿಲ್ಲ. ಆದರೆ ವಾಲ್ವ್ ಬಾಡಿ ಹತ್ತಿರ ಅದನ್ನ ತರಬೇಡಿ. ಒಂದೇ ಒಂದು ಎಳೆ ವಾಲ್ವನ್ನ ಅರ್ಧಕ್ಕೆ ನಿಲ್ಲಿಸುತ್ತೆ. ನೂಲು ಬಿಡದ ಬಟ್ಟೆ, ಬ್ರೇಕ್ ಕ್ಲೀನರ್, ಒಣ ಗಾಳಿ ಸಾಕು. ವಾಷರ್, ಚೆಕ್‌ಬಾಲ್ ಅಂಟಿಸಿ ನಿಲ್ಲಿಸೋಕೆ ಗ್ರೀಸ್ ಬೇಡ, ವ್ಯಾಸಲೀನ್ ಹಚ್ಚಿ. ವ್ಯಾಸಲೀನ್ ಬಿಸಿ ಎಣ್ಣೆಯಲ್ಲಿ ಕರಗುತ್ತೆ, ಗ್ರೀಸ್ ಹೋಗಿ ಫಿಲ್ಟರಿನಲ್ಲಿ ಕೂರುತ್ತೆ.

ಹೊಸ ಕ್ಲಚ್ ಪ್ಲೇಟ್ ಕನಿಷ್ಠ ಅರ್ಧ ಗಂಟೆ ಎಟಿಎಫ್‌ನಲ್ಲಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯಲ್ಲಿ) ನೆನೆಯಲಿ. ಮೂರು-ನಾಲ್ಕರ ಕ್ಲಚ್ಚು ಜೋಡಿಸಿ ಸ್ನ್ಯಾಪ್ ರಿಂಗ್ ಕೂರಿಸಿದ ಮೇಲೆ ರಿಂಗ್ ಮತ್ತು ಪ್ರೆಷರ್ ಪ್ಲೇಟ್ ನಡುವೆ ಫೀಲರ್ ಗೇಜ್ ತೂರಿಸಿ, ಒಂದೇ ಕಡೆ ಅಲ್ಲ, ಸುತ್ತ ಮೂರು ಕಡೆ. 30ರಿಂದ 40 ಥೌ (ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಥೌ), ಅಂದರೆ 0.75ರಿಂದ 1 ಮಿಲಿಮೀಟರ್ ಬಂದರೆ ಸರಿ. ಕಡಿಮೆ ಇದ್ದರೆ ಕ್ಲಚ್ ಬಿಟ್ಟಾಗಲೂ ಉಜ್ಜುತ್ತೆ, ಹೆಚ್ಚಿದ್ದರೆ ಪಿಸ್ಟನ್ ದೂರ ಓಡಿ ಹಿಡಿಯೋ ಹೊತ್ತಿಗೆ ಜಾರಿರುತ್ತೆ. ಜಾಸ್ತಿ ಪ್ಲೇಟ್ ಹಿಡಿಸಲಿ ಅಂತ ತೆಳ್ಳನೆ ಸ್ಟೀಲ್ ಹಾಕೋ ಕಿಟ್‌ಗಳ ಮೇಲೆ ನನಗೆ ನಂಬಿಕೆ ಕಡಿಮೆ: ಕಾವು ಹೀರೋದು ಸ್ಟೀಲು, ಅದೇ ತೆಳುವಾದರೆ ಕಾವು ಹೋಗೋದೆಲ್ಲಿಗೆ?

ಪಿಸ್ಟನ್ ಕೂರಿಸುವಾಗ ಲಿಪ್ ಸೀಲ್ ಮಡಚಿಕೊಳ್ಳುತ್ತೆ. ಎಣ್ಣೆ ಹಚ್ಚಿ, ತೆಳು ಫೀಲರ್ ಎಲೆಯಿಂದ ತುಟಿಯನ್ನ ಒಳಗೆ ಮಾಡ್ತಾ ಸುತ್ತು ಬನ್ನಿ; ಬಲವಂತ ಮಾಡಿದರೆ ಸೀಲು ಕತ್ತರಿಸಿತು ಅಂತಲೇ. ಆಮೇಲೆ 30–40 ಪಿಎಸ್‌ಐ ಗಾಳಿ ಕೊಟ್ಟು ಕೇಳಿ. "ಡಬ್" ಅಂತ ಹಿಡಿದು ನಿಂತರೆ ಒಳ್ಳೇದು. "ಸುಸ್ಸ್" ಅಂದರೆ ಮತ್ತೆ ಬಿಚ್ಚಿ, ಬೇಸರ ಮಾಡ್ಕೋಬೇಡಿ. ಗಾಡಿಗೆ ಏರಿಸಿದ ಮೇಲೆ ಬಿಚ್ಚೋದಕ್ಕಿಂತ ಅದು ಸುಲಭ.

ಟಾರ್ಕ್ ಕನ್ವರ್ಟರ್ ವಿಷಯದಲ್ಲಿ ಅವಸರ ಮಾಡಿದವರೇ ಹೊಸ ಪಂಪು ಒಡೆಯೋದು. ಒಳಗೆ ಲೀಟರಿನಷ್ಟು ಎಟಿಎಫ್ ಸುರಿದು, ತಿರುಗಿಸ್ತಾ ಒಳಗೆ ತಳ್ಳಿ. ಮೆಟ್ಟಿಲು ಇಳಿದ ಹಾಗೆ ಮೂರು ಸಲ ಕುಸಿಯಬೇಕು. ಕೊನೆಯದು ಪಂಪಿನ ಕಚ್ಚು ಸಿಕ್ಕಿದ ಲೆಕ್ಕ. ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚ) ಕೈಯಲ್ಲೇ ಎಂಜಿನ್ನಿಗೆ ಕೂರಬೇಕು, ಕನ್ವರ್ಟರ್ ಕೈಯಲ್ಲೇ ತಿರುಗಬೇಕು. ಎಂಜಿನ್ ಬದಿಯ ತಟ್ಟೆ, ಅಂದರೆ ಫ್ಲೆಕ್ಸ್‌ಪ್ಲೇಟ್ ಕಡೆಗೆ ಎಳೆದರೆ 3ರಿಂದ 5 ಮಿಲಿಮೀಟರ್ ಬರಬೇಕು. ಬೋಲ್ಟ್ ಬಿಗಿ ಮಾಡಿ ಹೌಸಿಂಗ್ ಎಳೆದುಕೊಳ್ಳೋ ಅಭ್ಯಾಸ ಮ್ಯಾನುವಲ್ ಗೇರ್‌ಬಾಕ್ಸ್‌ನಲ್ಲೇ ಕೆಟ್ಟದ್ದು, ಇಲ್ಲಿ ಪಂಪು ಹೋಯಿತು ಅಂತಲೇ.

ಇನ್ನು ನಮ್ಮೂರ ಗಾಡಿಗಳು. ಹೈಲಕ್ಸ್, ವಿ-ಕ್ರಾಸ್ ಥರದ ಪಿಕಪ್‌ಗಳಲ್ಲಿ ಆರು ಗೇರಿನ ಆಟೋಮ್ಯಾಟಿಕ್ ಬಂದಿದೆ. ಚೆನ್ನಗಿರಿಯಿಂದ ಅಡಿಕೆ ಚೀಲ ತುಂಬಿ ಏಪ್ರಿಲ್ ಬಿಸಿಲಲ್ಲಿ ಹೊರಟ ಗಾಡಿಗೆ ಒಳಗಿನ ಪಾರ್ಟ್‌ಗಿಂತ ಮೊದಲು ಬೇಕಿರೋದು ಎಣ್ಣೆ ಕೂಲರ್. ರೇಡಿಯೇಟರ್ ಒಳಗಿನ ಕೂಲರ್ ದಾಟಿದ ಮೇಲೆ ಹೊರಗಿನದ್ದು ಬರೋ ಹಾಗೆ ಸಾಲಾಗಿ ಜೋಡಿಸಿ, ಎಟಿಎಫ್ ಹೋಸ್ ಬಳಸಿ. ಡೀಸೆಲ್ ಹೋಸ್ ಕಾದು ಮೆತ್ತಗಾಗುತ್ತೆ. ಎಣ್ಣೆ 80–90 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ನೆಮ್ಮದಿ, 120 ದಾಟಿದರೆ ಎಣ್ಣೆ ಕೆಟ್ಟು ಅಂಟಂಟು ಪದರ, ಅಂದರೆ ವಾರ್ನಿಷ್, ಕಟ್ಟುತ್ತೆ. ಲೋಡ್ ಇಟ್ಟುಕೊಂಡು ಚಿತ್ರದುರ್ಗದ ಕಡೆ ಏರು ಹತ್ತುವಾಗ ಪೆಟ್ಟಿಗೆ ನಾಲ್ಕು-ಐದರ ನಡುವೆ ಅಲೆದಾಡ್ತಿದ್ದರೆ ಮ್ಯಾನುವಲ್ ಮೋಡ್‌ನಲ್ಲಿ ಕೆಳ ಗೇರ್ ಹಿಡಿಸಿ ಅಂತ ಡ್ರೈವರ್‌ಗೆ ಹೇಳಿ. ಹೈಲಕ್ಸ್‌ಗೆ ಟೊಯೋಟಾದ ಡಬ್ಲ್ಯೂಎಸ್ ಎಣ್ಣೆ, ಜನರಲ್ ಮೋಟಾರ್ಸ್‌ನ ಡೆಕ್ಸ್ರಾನ್ ಅಲ್ಲ. ಡಿಪ್‌ಸ್ಟಿಕ್ ಇಲ್ಲದ ಪೆಟ್ಟಿಗೆಯಲ್ಲಿ ಮಟ್ಟ ನೋಡೋದು ಓವರ್‌ಫ್ಲೋ ಪ್ಲಗ್ಗಿನಲ್ಲಿ, ಸರ್ವಿಸ್ ಪುಸ್ತಕ ಹೇಳಿದ ಶಾಖದಲ್ಲೇ.

ಸುಟ್ಟ ಪೆಟ್ಟಿಗೆ ಬದಲಿಸಿದ್ದರೆ ಹಳೇ ಕೂಲರ್ ಫ್ಲಶ್ ಮಾಡಿ, ಇಲ್ಲದಿದ್ದರೆ ಹಳೇ ಲೋಹದ ಪುಡಿ ಹೊಸದರ ಬೇರಿಂಗಿಗೆ ಹೋಗುತ್ತೆ. ಒಳಗಿನ ದಾರಿ ಸಣ್ಣದಾಗಿದ್ದು ಪೂರಾ ತೊಳೆಯೋಕೆ ಆಗದಿದ್ದರೆ ಕೂಲರ್ರೇ ಬದಲಿಸಿ. ಮೊದಲ 500 ಕಿಲೋಮೀಟರ್ ಲೋಡ್ ಬೇಡ. ಆಮೇಲೆ ಪ್ಯಾನ್ ಇಳಿಸಿ ಮ್ಯಾಗ್ನೆಟ್ ನೋಡಿ: ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಒರೆಸಿ, ಪ್ಯಾನ್ ಮುಚ್ಚಿ. ಬೆರಳಿಗೆ ಚುಚ್ಚೋ ಹೊಳೆಯೋ ಚೂರು ಸಿಕ್ಕರೆ ಗಾಡಿ ಅಲ್ಲೇ ನಿಲ್ಲಿಸಿ.