ದಡ ಕಂಡೂ ದಡ ಸೇರದ ‘ರಾಯಲ್ ಚಾರ್ಟರ್’

ನೀವೀಗ ನೋಡುತ್ತಿರುವುದು ವೇಲ್ಸ್‌ನ ಆಂಗ್ಲೆಸಿ ದ್ವೀಪದ ಪೂರ್ವ ಕರಾವಳಿ. ಇಲ್ಲಿನ ಮೊಯಿಲ್‌ವ್ರೆ ಹಳ್ಳಿಯ ಸಮೀಪ 1859ರ ಅಕ್ಟೋಬರ್ 26ರ ಬೆಳಗ್ಗೆ ‘ರಾಯಲ್ ಚಾರ್ಟರ್’ ಹಡಗು ಒಡೆದು ಸುಮಾರು 450 ಜನ ಪ್ರಾಣ ಕಳೆದುಕೊಂಡರು. ಮೆಲ್ಬರ್ನ್‌ನಿಂದ ಹೊರಟು ಎರಡು ತಿಂಗಳಲ್ಲಿ ಮಹಾಸಾಗರಗಳನ್ನೇ ದಾಟಿ ಬಂದಿದ್ದ ಅದಕ್ಕೆ ಲಿವರ್‌ಪೂಲ್ ಇನ್ನು ಕೆಲವೇ ಗಂಟೆಗಳ ದಾರಿಯಾಗಿತ್ತು.

ಕಬ್ಬಿಣದ ಒಡಲಿನ ಈ ಹಾಯಿಹಡಗಿಗೆ, ಗಾಳಿಯಿಲ್ಲದ ಹೊತ್ತಿನಲ್ಲಿ ನೆರವಾಗಲೆಂದು ಸಣ್ಣದೊಂದು ಉಗಿಯಂತ್ರವನ್ನೂ ಅಳವಡಿಸಿದ್ದರು. ನಡುಗಡಲಿನಲ್ಲಾದರೆ ಹಾಯಿಹಡಗು ಬಿರುಗಾಳಿಯ ಮುಂದೆ ಓಡಿಯಾದರೂ ಬದುಕಬಹುದು. ಗಾಳಿ ದಡದತ್ತಲೇ ನೂಕುವಾಗ ಓಡುವುದಕ್ಕೆ ನೀರೇ ಉಳಿದಿರುವುದಿಲ್ಲ. 25ರ ರಾತ್ರಿ ಪೂರ್ವದ ಗಾಳಿ ಈಶಾನ್ಯಕ್ಕೂ ಬಳಿಕ ಉತ್ತರಕ್ಕೂ ತಿರುಗುತ್ತ ಚಂಡಮಾರುತದ ಬಲ ಪಡೆದಾಗ, ಕ್ಯಾಪ್ಟನ್ ಥಾಮಸ್ ಟೇಲರ್ ಲಂಗರು ಇಳಿಸಿದರು. ನಡುರಾತ್ರಿ ಕಳೆದ ಮೇಲೆ ಒಂದು ಲಂಗರಿನ ಸರಪಳಿ, ಸುಮಾರು ಒಂದು ಗಂಟೆಯ ನಂತರ ಇನ್ನೊಂದರದೂ ತುಂಡಾಯಿತು. ಗಾಳಿಯ ಹಿಡಿತ ತಗ್ಗಲೆಂದು ಹಾಯಿಕಂಬಗಳನ್ನೇ ಕಡಿದುಹಾಕಿದರೂ ಆ ಯಂತ್ರಕ್ಕೆ ಹಡಗನ್ನು ತಡೆದು ನಿಲ್ಲಿಸುವ ಶಕ್ತಿಯಿರಲಿಲ್ಲ. ಮೊದಲು ಮರಳಿಗೆ ತಾಗಿ ನಿಂತ ಹಡಗನ್ನು ಏರುತ್ತಿದ್ದ ಭರತ ಎತ್ತಿ ಬಂಡೆಗಳ ಮೇಲೆ ಹಾಕಿತು.

ಮಾಲ್ಟಾದ ನಾವಿಕ ಗೂಜಿ ರುಜಿಯೆರ್ ಹಗ್ಗವೊಂದನ್ನು ಹಿಡಿದು ಆ ತೆರೆಗಳಲ್ಲಿ ಈಜಿ ದಡ ಮುಟ್ಟಿದ. ಹಳ್ಳಿಯ 28 ಗಂಡಸರು ಸಾಲುಗಟ್ಟಿ ನಿಂತು, ಕೈಗೆ ಸಿಕ್ಕವರನ್ನು ನೀರಿನಿಂದ ಎಳೆದುಕೊಂಡರು. ಬದುಕುಳಿದವರು ಸುಮಾರು 40 ಮಂದಿ. ಹೆಂಗಸರಲ್ಲಿ, ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ.

ಸೊಂಟಕ್ಕೆ ಕಟ್ಟಿಕೊಂಡಿದ್ದ ಚಿನ್ನದ ಭಾರಕ್ಕೆ ಪ್ರಯಾಣಿಕರು ಮುಳುಗಿದರೆಂಬ ಮಾತೇ ಇಂದಿಗೂ ಹೆಚ್ಚು ಪ್ರಚಾರದಲ್ಲಿದೆ. ಕೆಲವರ ಮಟ್ಟಿಗೆ ಅದು ನಿಜವಿರಬಹುದು, ಆದರೆ ಬಹಳ ಜನರನ್ನು ಕೊಂದದ್ದು ಬಂಡೆಗಳು. ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ವರ್ಷಗಟ್ಟಲೆ ದುಡಿದು ಮನೆಗೆ ಮರಳುತ್ತಿದ್ದವರನ್ನು ಆಸೆಬುರುಕರೆಂದು ನೆನೆಯುವುದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಲನಾಲ್ಗೊ ಚರ್ಚಿನ ಪಾದ್ರಿ ಸ್ಟೀಫನ್ ರೂಸ್ ಹ್ಯೂಸ್ ಮಡಿದವರನ್ನು ಹಾಗೆ ಕಾಣಲಿಲ್ಲ: ದಡಕ್ಕೆ ಬಂದ ಶವಗಳ ಗುರುತು ಹಿಡಿದು, ಮಣ್ಣು ಮಾಡಿ, ಬಂಧುಗಳಿಗೆ ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಬರೆದರು.

ಅದೇ ಬಿರುಗಾಳಿಗೆ ಬ್ರಿಟನ್ನಿನ ಸುತ್ತ 133 ಹಡಗುಗಳು ಮುಳುಗಿದವು. ಹವಾಮಾನ ವಿಭಾಗದ ಮುಖ್ಯಸ್ಥರಾಗಿದ್ದ ರಾಬರ್ಟ್ ಫಿಟ್ಜ್‌ರಾಯ್, ಕರಾವಳಿಯ ವೀಕ್ಷಣೆಗಳನ್ನು ತಂತಿಯ ಮೂಲಕ ತರಿಸಿಕೊಂಡು ಬಂದರುಗಳಿಗೆ ಮುನ್ಸೂಚನೆ ಕಳಿಸುವ ವ್ಯವಸ್ಥೆಯನ್ನು 1861ರಲ್ಲಿ ಆರಂಭಿಸಿದರು. ಅಂದಿನಿಂದ ಬಿರುಗಾಳಿಯ ಸೂಚನೆ ಬಂದಾಗ ಬಂದರಿನ ಕಂಬಕ್ಕೆ ಶಂಕುವಿನಾಕಾರದ ಗುರುತನ್ನು ಏರಿಸತೊಡಗಿದರು. ಅದರ ತುದಿ ಮೇಲಕ್ಕಿದ್ದರೆ ಗಾಳಿ ಉತ್ತರದಿಂದ, ಕೆಳಕ್ಕಿದ್ದರೆ ದಕ್ಷಿಣದಿಂದ ಬರಲಿದೆಯೆಂದು ನಾವಿಕರು ತಿಳಿಯುತ್ತಿದ್ದರು.