ಆಲ್ಟೋ ಸಾಲನ್ನ ಎರಡನೇ ಕ್ಲಾರಿನೆಟ್‌ಗೆ ಸುರೀಬೇಡಿ ಸ್ವಾಮಿ!

ನಮಸ್ಕಾರ. ಕೋರಸ್ ಹಾಡುಗಳನ್ನ ಕ್ಲಾರಿನೆಟ್ ಗುಂಪಿಗೆ ಹೊಂದಿಸಿ ಬರೆಯೋದರ (ಅರೇಂಜ್ ಮಾಡೋದರ) ಬಗ್ಗೆ ಮಾತಾಡ್ತಿದ್ದೀವಲ್ಲ, ಹೋದ ಸಂಚಿಕೆಗೆ ಒಂದು ಕಾಮೆಂಟು: "ನಾಲ್ಕು ದನಿ, ನಾಲ್ಕು ಕ್ಲಾರಿನೆಟ್. ಟ್ರಾನ್ಸ್‌ಪೋಸ್ ಬಟನ್ ಒತ್ತಿದ್ರೆ ಮುಗೀತು, ಅರೇಂಜರ್ ಯಾಕೆ ಬೇಕು?"

ಸ್ವರಗಳನ್ನೆಲ್ಲ ಒಟ್ಟಿಗೇ ಮೇಲೆ-ಕೆಳಗೆ ಸರಿಸೋ ಬಟನ್ ತಾನೇ? ಒತ್ತಪ್ಪ, ಒತ್ತು. ಒತ್ತಿ ಆದ್ಮೇಲೆ ಎರಡನೇ ಕ್ಲಾರಿನೆಟ್ ಪಾರ್ಟ್ ನೋಡು.

ಕೋರಸ್‌ನ ನಾಲ್ಕು ದನಿ ಮೇಲಿಂದ ಕೆಳಕ್ಕೆ ಸೊಪ್ರಾನೋ, ಆಲ್ಟೋ, ಟೆನರ್, ಬಾಸ್. ಆಲ್ಟೋ ಹೆಚ್ಚಾಗಿ ಸುಳಿದಾಡೋದು ನಡು ಸಿ (ಪಿಯಾನೋ ಮಧ್ಯದ ಸಿ ಸ್ವರ) ಮೇಲಿನ ಎಫ್, ಜಿ, ಎ-ಫ್ಲಾಟ್ ಆಸುಪಾಸಿನಲ್ಲೇ. ಬಿ-ಫ್ಲಾಟ್ ಕ್ಲಾರಿನೆಟ್‌ಗೆ ಒಂದು ಸ್ವರ ಮೇಲೆ ಬರೀತೀವಲ್ಲ (ಬರೆದಿದ್ದಕ್ಕಿಂತ ಅಷ್ಟು ಕೆಳಗೆ ಕೇಳೋ ವಾದ್ಯ ಅದು), ಆಗ ಆಲ್ಟೋ ಸಾಲು ಸ್ಟಾಫಿನ, ಅಂದ್ರೆ ಸ್ವರ ಬರೆಯೋ ಐದು ಗೆರೆಗಳ, ಎರಡನೇ ಗೆರೆಯ ಜಿಯಿಂದ ಮೂರನೇ ಗೆರೆಯ ಬಿ-ಫ್ಲಾಟ್‌ವರೆಗೆ ಬಂದು ಕೂರುತ್ತೆ. ಥ್ರೋಟ್ ಟೋನ್ಸ್, ಅಂದ್ರೆ ಗಂಟಲು ಸ್ವರಗಳು! ವಾದ್ಯದ ಅತಿ ಸೊರಗಿದ ಜಾಗ. ಮೂಗು ಕಟ್ಟಿದವರು ಮಾತಾಡಿದ ಹಾಗೆ ಕೇಳುತ್ತೆ. ಅಲ್ಲಿಂದ ಬಿ ನ್ಯಾಚುರಲ್‌ಗೆ ಹತ್ತಬೇಕಾದ್ರೆ ಖಾಲಿ ಬಿಟ್ಟಿದ್ದ ತೂತುಗಳನ್ನೆಲ್ಲ ಒಟ್ಟಿಗೇ ಮುಚ್ಚಬೇಕು. ಲೆಗಾಟೋ, ಅಂದ್ರೆ ಸ್ವರ ಕಡಿಯದೆ ಜೋಡಿಸಿ ನುಡಿಸೋದು? ಮರೆತುಬಿಡಿ.

ಹಾಗಾಗಿ ಆಲ್ಟೋ ಸಾಲನ್ನ ಒಂದು ಆಕ್ಟೇವ್ ಇಳಿಸಿ ಮೂರನೆಯವರಿಗೆ ಕೊಡಿ. ಟೆನರ್ ಇದ್ದಲ್ಲೇ ಇರಲಿ, ಎರಡನೆಯವರು ನುಡಿಸ್ತಾರೆ. ಆಲ್ಟೋ ಈಗ ಸ್ಟಾಫಿನ ಕೆಳಗಿನ ಜಿಗೆ ಬಂತು, ಶಾಲ್ಯುಮೋ (ಕ್ಲಾರಿನೆಟ್ಟಿನ ಕೆಳಗಿನ ಸ್ವರಗಳ ಜಾಗ), ಬೆಣ್ಣೆ! ಬಾಸ್ ಸಾಲಿಗೆ ಅಡ್ಡ ಬಂದ್ರೆ ಅಷ್ಟು ಬಾರ್ (ತಾಳದ ಒಂದೊಂದು ಆವರ್ತ) ನಾಲ್ಕನೆಯವರ ಬಾಸ್ ಕ್ಲಾರಿನೆಟ್ಟನ್ನೂ ಕೆಳಗಿಳಿಸಿ.

"ಸಾರ್, ಆಲ್ಟೋ-ಟೆನರ್ ಮಧ್ಯೆ ಇದ್ದ ಸಮಾನಾಂತರ ಫೋರ್ತ್‌ಗಳು ಫಿಫ್ತ್ ಆಗ್ತವಲ್ಲ?" ಆಗ್ತವೆ. ಎರಡು ದನಿ ಐದು ಸ್ವರದ ಅಂತರದಲ್ಲಿ ಒಟ್ಟಿಗೇ ಸಾಗೋದು ಹಾರ್ಮನಿ ಪಾಠದಲ್ಲಿ ತಪ್ಪು, ಗೊತ್ತು. ಒಂದು ಸ್ವರ ತಿದ್ದು ಮಾರಾಯ, ಪರೀಕ್ಷೆ ಬರೀತಿಲ್ಲ ನೀನು. ಲೈಕ್ ಒತ್ತೋಕೆ ಮಾತ್ರ ಯಾವ ನಿಯಮವೂ ಅಡ್ಡ ಬರಲ್ಲ, ಒತ್ತಿ.

ಇನ್ನು ಸಲಿವನ್ ಸಂಗೀತ ಹಾಕಿದ ಹಾಸ್ಯ ಗೀತನಾಟಕ ‘ದ ಮಿಕಾಡೋ’, 1885, ಲಂಡನ್ನಿನ ಸವಾಯ್ ಥಿಯೇಟರ್. ಮೊದಲ ಅಂಕದಲ್ಲಿ ಕೋ-ಕೋ, ಪೂ-ಬಾ, ಪಿಶ್-ಟಶ್ ಅನ್ನೋ ಪಾತ್ರಗಳು ಮೂರು ಬೇರೆ ಟ್ಯೂನ್‌ಗಳನ್ನ ಒಟ್ಟಿಗೇ ಹಾಡ್ತಾರೆ. ರಂಗದ ಮೇಲೆ ಗೊತ್ತಾಗುತ್ತೆ, ಮೂರು ಮುಖ, ಮೂರು ಮಾತು. ಮೂರು ಬಿ-ಫ್ಲಾಟ್ ಕ್ಲಾರಿನೆಟ್‌ಗೆ ಹಾಗೇ ಬರೆದ್ರೆ ಚಿತ್ರಾನ್ನ. ಒಂದನ್ನ ಚಿಕ್ಕ, ಎತ್ತರದ ದನಿಯ ಇ-ಫ್ಲಾಟ್ ಕ್ಲಾರಿನೆಟ್‌ಗೆ ಏರಿಸಿ, ಒಂದನ್ನ ಬಾಸ್‌ಗೆ ಇಳಿಸಿ. ಮಿಕ್ಕ ಒಂದು ನಡುವೆ. ಎಲ್ಲಿ ನಡುವೆ? ಥ್ರೋಟ್ ಬಿಟ್ಟು!

ವೇಗದ ಮಾತಿನ ಹಾಡುಗಳಲ್ಲಿ ಒಂದೇ ಸ್ವರದ ಮೇಲೆ ಅಕ್ಷರ ಉದುರಿಸ್ತಾರೆ. ಹಾಡುಗಾರನಿಗೆ ವ್ಯಂಜನ ಇದೆ, ಕ್ಲಾರಿನೆಟ್‌ನವರಿಗೆ ನಾಲಿಗೆ ಒಂದೇ, ಅದೂ ಬೇಗ ಸೋಲುತ್ತೆ. ಅರ್ಧರ್ಧ ಬಾರ್ ಇಬ್ಬರಿಗೆ ಹಂಚಿ, ಕೈಬದಲಾಗೋ ಸ್ವರವನ್ನ ಇಬ್ಬರೂ ನುಡಿಸಲಿ. ಆ ಸ್ವರ ಎಲ್ಲಿರಬಾರದು? ಗೊತ್ತಲ್ಲ!

"ಒಳ್ಳೆ ವಾದಕರು ಥ್ರೋಟ್ ಸ್ವರಾನೂ ಚೆನ್ನಾಗಿ ನುಡಿಸ್ತಾರೆ" ಅಂತ ಒಬ್ಬರು. ನುಡಿಸ್ತಾರೆ ಸ್ವಾಮಿ, ಇನ್ನಷ್ಟು ತೂತು ಬೆರಳಿಂದ ಮುಚ್ಚಿ ಟೋನ್ ತುಂಬಿಸಿ ಒದ್ದಾಡಿ ನುಡಿಸ್ತಾರೆ. ಅವರಿಗೇನು ಸಾಲ ಕೊಟ್ಟಿದ್ದೀರಾ? ಆಲ್ಟೋ ಸಾಲು, ಎರಡನೇ ಕ್ಲಾರಿನೆಟ್: ಬೇಡ. ಬೇಡ ಅಂದ್ರೆ ಬೇಡ. ಯಾಕೆ ಅಂದ್ರೆ... ಬೇಡ ಅಷ್ಟೇ!

ಬಾಸ್ ಕ್ಲಾರಿನೆಟ್ ಇಲ್ಲ, ನಾಲ್ಕೂ ಬಿ-ಫ್ಲಾಟ್‌ನಲ್ಲೇ ಮಾಡಬಹುದಾ ಅಂತ ಕೇಳಿದವರೇ, ಬಿ-ಫ್ಲಾಟ್ ಕ್ಲಾರಿನೆಟ್ ನಡು ಸಿ ಕೆಳಗಿನ ಡಿಗೇ ನಿಂತುಹೋಗುತ್ತೆ, ಬಾಸ್ ಗಾಯಕ ಅಲ್ಲಿಂದ ಇನ್ನೂ ಹೆಚ್ಚುಕಡಿಮೆ ಒಂದು ಆಕ್ಟೇವ್ ಇಳೀತಾನೆ. ಆ ಗೋಳು ಮುಂದಿನ ಸಂಚಿಕೆಗೆ. ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ.