ಮಾತ್ರೆ ಶುರುವಾದ ಮೇಲೆ ಗುಳ್ಳೆ ಎದ್ದರೆ

ಕೇಳುಗರಿಗೆ ನಮಸ್ಕಾರ. ಎಚ್‌ಐವಿಗೆ ಎಆರ್‌ಟಿ ಮಾತ್ರೆ ಶುರುವಾಗಿ ಒಂದೆರಡು ತಿಂಗಳಾಗಿರುತ್ತದೆ. ಊಟ ಸೇರುತ್ತಿರುತ್ತದೆ, ತೂಕ ಏರುತ್ತಿರುತ್ತದೆ. ಅಷ್ಟರಲ್ಲಿ ಮೈಮೇಲೆ ಗುಳ್ಳೆ! ಮಾತ್ರೆಯೇ ಆಗಿಬರಲಿಲ್ಲ ಅಂತ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಇಷ್ಟು ಹೇಳೋಕೇ ನಾನು ಬಂದಿರುವುದು.

ಎಚ್‌ಐವಿ ನಮ್ಮ ಸಿಡಿ4 ಕಣಗಳನ್ನು, ಅಂದರೆ ರೋಗದ ಜೊತೆ ಹೋರಾಡುವ ರಕ್ತಕಣಗಳನ್ನು, ಕರಗಿಸುತ್ತದೆ. ಆಗ ಬೇರೆ ರೋಗಾಣು ಒಳಗೆ ಕೂತಿದ್ದರೂ ದೇಹ ಜಗಳಕ್ಕೆ ಹೋಗುವುದಿಲ್ಲ. ಮಾತ್ರೆಯಿಂದ ಶಕ್ತಿ ಬಂತು ಅನ್ನಿ, ಜಗಳ ಶುರು. ವರ್ಷಗಟ್ಟಲೆ ಬೀಗ ಹಾಕಿದ ಮನೆ ಗುಡಿಸಿದರೆ ಮೊದಲು ಏಳುವುದು ಧೂಳೇ ಅಲ್ವಾ? ಶಕ್ತಿ ಮರಳಿದಾಗ ಏಳುವ ಈ ಜಗಳಕ್ಕೆ ನಾವು ಐರಿಸ್ ಅನ್ನುತ್ತೇವೆ. ಸರ್ಪಸುತ್ತು, ನರಹುಲಿ, ತುರಿಗುಳ್ಳೆ, ಅಪರೂಪಕ್ಕೆ ಅಡಗಿದ್ದ ಕುಷ್ಠವೂ ಹೀಗೆ ಹೊರಗೆ ಬರುತ್ತದೆ.

ಬಟ್ಟೆ ಹೊಲಿಯುವ ಒಬ್ಬ ತಾಯಿ ಬಂದಿದ್ದರು. ಬಲಪಕ್ಕೆಯಲ್ಲಿ ಸರ್ಪಸುತ್ತು. ರವಿಕೆ ತಾಗಿದರೂ ಉರಿ. ಮನೆಯವರು ಕೆಮ್ಮಣ್ಣಿನಲ್ಲಿ ಹಾವು ಬರೆಸಿದ್ದರು, ಬೆನ್ನ ಕಡೆ ಬಾಲ, ಹೊಟ್ಟೆ ಕಡೆ ಹೆಡೆ. ಹೆಡೆ ಬಾಲ ಕೂಡಿದರೆ ಜೀವ ಹೋಗುತ್ತೆ ಅಂತ ಓಣಿಯವರೆಲ್ಲ ದಿನಾ ಬಂದು ನೋಡುತ್ತಿದ್ದರಂತೆ! ಒಣಗಿದ ಮಣ್ಣನ್ನು ನರ್ಸ್ ನೆನೆಸಿ ನೆನೆಸಿ ತೆಗೆದರು. ಕೆಳಗೆ ಕೀವು. ಎಆರ್‌ಟಿ ಡಬ್ಬಿ ಹೊಲಿಗೆ ಮಿಷನ್ನಿನ ಡ್ರಾಯರ್ ಸೇರಿತ್ತು. ಆಕೆ ಕೇಳಿದ್ದು ಒಂದೇ, “ಕೂಡುತ್ತಾ ಡಾಕ್ಟ್ರೇ?”

ಕೂಡಿದರೆ ಸಾವು ಅನ್ನುವುದು ಶುದ್ಧ ಸುಳ್ಳು. ಚಿಕ್ಕವರಿದ್ದಾಗ ‘ಅಮ್ಮ’ (ಚಿಕನ್‌ಪಾಕ್ಸ್) ಆಗಿತ್ತಲ್ಲ, ಅದೇ ವೈರಸ್ಸು ನರದ ಬುಡದಲ್ಲಿ ಮಲಗಿರುತ್ತದೆ. ಎದ್ದರೆ ಆ ನರದ ದಾರಿಯಲ್ಲೇ ಬರುತ್ತದೆ. ಬಲಗಡೆಯ ನರ ಮೈಯ ನಡುಗೆರೆಗೆ ಬಂದು ಮುಗಿಯುತ್ತದೆ, ಅದಕ್ಕೇ ಪಟ್ಟಿ ಒಂದೇ ಕಡೆ. ಕೆಮ್ಮಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ, ಗೋಡೆಗೆ ಚೆಂದ. ಆಕೆಗೆ ಈ ವೈರಸ್ಸಿನ ಔಷಧ ಅಸೈಕ್ಲೊವಿರ್ ಕೊಟ್ಟೆವು, ಕೀವಿಗೆ ಬೇರೆ ಔಷಧ. ಎಆರ್‌ಟಿ ಅವತ್ತೇ ಮತ್ತೆ ಶುರು. ಗುಳ್ಳೆ ಒಣಗಿತು. ಉರಿ ಮಾತ್ರ ಕೆಲವು ತಿಂಗಳು ಕಾಡಿತು.

ಕಥೆ ಉದ್ದವಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ಸರ್ಪಸುತ್ತಿಗೆ 3 ದಿನದೊಳಗೆ ಬಂದರೆ ಔಷಧ ಚೆನ್ನಾಗಿ ಹಿಡಿಯುತ್ತದೆ. ಕಣ್ಣಿನ ಹತ್ತಿರ ಎದ್ದರೆ ಅವತ್ತೇ ಬನ್ನಿ. ಗುಳ್ಳೆಯ ಜೊತೆ ಜ್ವರ, ಬಾಯಿ ಹುಣ್ಣು, ಚರ್ಮ ಸುಲಿಯುವುದು ಇದ್ದರೆ ಒಂದು ಗಂಟೆಯೂ ಕಾಯಬೇಡಿ. ಅದು ಔಷಧದ ಅಲರ್ಜಿ ಇರಬಹುದು. ಆಗಲೂ ಮಾತ್ರೆ ಬದಲಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ನೀವಾಗಿ ನಿಲ್ಲಿಸಬೇಡಿ. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ 2004ರಿಂದ ಈ ಮಾತ್ರೆ ಉಚಿತ. ಅನುಮಾನ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ. ಆಸ್ಪತ್ರೆಗೆ ಬರುವಾಗ ಮಾತ್ರೆ ಡಬ್ಬಿ ತನ್ನಿ, ಎಷ್ಟು ಉಳಿದಿದೆ ಅಂತ ನಾವು ಎಣಿಸುತ್ತೇವೆ.